ನಡೆಯದ ಪಂದ್ಯಗಳ ಲೆಕ್ಕ ಯಾರು ಕೊಡ್ತಾರೆ?

ಗೆಳೆಯರೇ, ಪೋಸ್ಟು ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ.

ಮುಹಮ್ಮದ್ ಅಲಿ ಮತ್ತು ಮೈಕ್ ಟೈಸನ್, ಇಬ್ಬರೂ ಅವರವರ ಭರ್ತಿ ಪ್ರಾಯದಲ್ಲಿ ಎದುರಾಬದುರಾ ನಿಂತಿದ್ರೆ ಯಾರು ಗೆಲ್ತಿದ್ರು? ಜೋ ಲೂಯಿಸ್ ಕೈಗೆ ಅಲಿ ಸಿಕ್ಕಿದ್ರೆ? ಜಾಕ್ ಡೆಂಪ್ಸಿ ಮುಂದೆ ಲೆನಾಕ್ಸ್ ಲೂಯಿಸ್ ಬಂದಿದ್ರೆ? ಬಾಕ್ಸಿಂಗ್ ನೋಡೋರಿಗೆ ಇದು ಮುಗಿಯದ ಆಟ. ಯಾವ ದೇಶದಲ್ಲಾದ್ರೂ ಸರಿ, ನಾಲ್ಕು ಜನ ಬಾಕ್ಸಿಂಗ್ ಹುಚ್ಚರು ಸೇರಿದ್ರೆ ಐದನೇ ನಿಮಿಷಕ್ಕೆ ಇದೇ ಜಗಳ. ಹಾಸ್ಟೆಲ್ ದಿನಗಳಲ್ಲಿ ನಾವೂ ದೀಪ ಆರಿಸಿದ ಮೇಲೂ ಈ ಜಗಳ ಆಡಿದ್ದೀವಿ. ನನಗೆ ಈ ಆಟ ಈಗಲೂ ಇಷ್ಟ. ಹಾಗಾಗಿ ಮೊದಲು ಅದನ್ನು ನಿಯತ್ತಾಗಿ ಆಡೋಣ. ಆಮೇಲೆ ಈ ಆಟ ಯಾರನ್ನು ಹೊರಗಿಟ್ಟು ಆಡ್ತಿದೆ ಅನ್ನೋದನ್ನು ನೋಡೋಣ.

ಲೂಯಿಸ್ ಮತ್ತು ಅಲಿಯನ್ನೇ ತಗೊಳ್ಳಿ. ಅಲಿ ಕೈಗಳನ್ನು ಕೆಳಗೆ ಇಳಿಬಿಟ್ಟು ಆಡ್ತಿದ್ದ. ಏಟು ಬಂದಾಗ ತಲೆಯನ್ನು ಪಕ್ಕಕ್ಕೆ ಸರಿಸದೆ ನೆಟ್ಟಗೆ ಹಿಂದಕ್ಕೆ ಎಳ್ಕೊಳ್ತಿದ್ದ. ಬಾಕ್ಸಿಂಗ್ ಗುರುಗಳು ಮಾಡಬೇಡಿ ಅಂತ ಹೇಳಿಕೊಡೋ ಎರಡೂ ತಪ್ಪು ಅವನಲ್ಲಿತ್ತು. ಕಾಲಿನ ವೇಗ ಆ ತಪ್ಪುಗಳನ್ನು ಮುಚ್ಚಿಹಾಕ್ತಿತ್ತು. ಆದರೂ 1963ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೂಪರ್ ಎಡಗೈ ಹುಕ್‌ನಿಂದ ಅವನನ್ನು ಕೆಡವಿದ. 1971ರ ಮಾರ್ಚಿನಲ್ಲಿ ಜೋ ಫ್ರೇಜಿಯರ್ 15ನೇ ಸುತ್ತಿನಲ್ಲಿ ಅದೇ ಎಡಗೈಯಿಂದ ಕೆಡವಿದ. ಲೂಯಿಸ್ ಹತ್ರ ಆ ಎಡಗೈ ಇತ್ತು, ಅದಕ್ಕಿಂತ ನೇರವಾದ ಬಲಗೈಯೂ ಇತ್ತು. ಆದರೆ ಲೂಯಿಸ್‌ಗೆ ಓಡಾಡೋ ಎದುರಾಳಿ ಅಂದ್ರೆ ಕಷ್ಟ. 1941ರಲ್ಲಿ ಅವನಿಗಿಂತ ಎಷ್ಟೋ ಹಗುರವಾಗಿದ್ದ ಬಿಲ್ಲಿ ಕಾನ್ 12 ಸುತ್ತು ಅವನನ್ನು ಸತಾಯಿಸಿ, ಅಂಕದಲ್ಲಿ ಮುಂದಿದ್ದು, 13ನೇ ಸುತ್ತಿನಲ್ಲಿ ಮೈಮರೆತು ಹೊಡೆದಾಟಕ್ಕೆ ನಿಂತು ಬಿದ್ದ. ಅಲಿ ಕಾನ್‌ಗಿಂತ ಎತ್ತರ, ಭಾರ, ವೇಗ. ಹಾಗಾಗಿ ನನ್ನ ಓಟು ಅಲಿಗೆ, ಅಂಕದ ಮೇಲೆ. ಒಂದ್ಸಲ ನೆಲ ಮುಟ್ಟಿ ಎದ್ದು ಗೆಲ್ತಾನೆ ಅಂತ ನನ್ನ ಲೆಕ್ಕ. ನೀವು ಒಪ್ಪಬೇಕಾಗಿಲ್ಲ.

ಇನ್ನು ಗಾತ್ರದ ಪ್ರಶ್ನೆ. ಮಾರ್ಸಿಯಾನೊ ತೂಕ ಸುಮಾರು 185 ಪೌಂಡ್, ಲೆನಾಕ್ಸ್ ಲೂಯಿಸ್ 240ರ ಮೇಲೆ. ಇವತ್ತಿನ ದೈತ್ಯರ ಮುಂದೆ ಹಳಬರು ನಿಲ್ಲಲ್ಲ ಅಂತಾರೆ. ಇರಬಹುದು. ಆದರೆ 1919ರಲ್ಲಿ 187 ಪೌಂಡಿನ ಡೆಂಪ್ಸಿ 245 ಪೌಂಡಿನ ಜೆಸ್ ವಿಲ್ಲರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಸಲ ಬೀಳಿಸಿದ್ದು ಸಿನಿಮಾ ರೀಲಿನಲ್ಲಿ ಈಗಲೂ ನೋಡಬಹುದು.

ಅದರ ಜೊತೆಗೇ ಇನ್ನೊಂದು ಪ್ರಶ್ನೆ: ಯಾರ ನಿಯಮದಲ್ಲಿ ಆಡಿಸ್ತೀರಿ? ಜಾಕ್ ಜಾನ್ಸನ್ ಕಾಲದಲ್ಲಿ 45 ಸುತ್ತಿನ ಪಂದ್ಯ ಇರ್ತಿದ್ವು. ಅಲಿ ಕಾಲಕ್ಕೆ 15. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ಪಂದ್ಯದ ಏಟಿನಿಂದ ತೀರಿಕೊಂಡ ಮೇಲೆ ಅದು 12ಕ್ಕೆ ಇಳೀತು. ಡೆಂಪ್ಸಿ ಕಾಲದಲ್ಲಿ ಬಿದ್ದವನ ತಲೆ ಮೇಲೇ ನಿಂತು, ಅವನು ಮೊಣಕಾಲು ನೆಲದಿಂದ ಎತ್ತಿದ ಕ್ಷಣ ಮತ್ತೆ ಹೊಡೀಬಹುದಿತ್ತು. ಗ್ಲವ್ಸ್ ಹಗುರ, ಏಟು ಬಿರುಸು. ಜಾನ್ಸನ್‌ನನ್ನು 12 ಸುತ್ತಿಗೆ ತಂದ್ರೆ ಅವನ ಅರ್ಧ ವಿದ್ಯೆ ಕೆಲಸಕ್ಕೆ ಬರಲ್ಲ. ಟೈಸನ್‌ನನ್ನು 45 ಸುತ್ತಿಗೆ ಒಯ್ದರೆ ಹತ್ತನೆಯದಕ್ಕೇ ಉಸಿರು ಕಟ್ಟುತ್ತೆ. ಅಂದ್ರೆ, ಯಾರು ಶ್ರೇಷ್ಠ ಅನ್ನೋದರ ಉತ್ತರದಲ್ಲಿ ಅರ್ಧ ಪಾಲು ನಿಯಮ ಬರೆದವನ ಕೈಲೇ ಇರುತ್ತೆ. ಈ ಮಾತನ್ನು ಹಾಗೇ ನೆನಪಲ್ಲಿಟ್ಕೊಳ್ಳಿ. ಮುಂದೆ ಬೇಕಾಗುತ್ತೆ.

ಈ ಆಟವನ್ನು ಒಬ್ಬ ಕಂಪ್ಯೂಟರಿಗೇ ವಹಿಸಿದ್ದ. 1967ರಲ್ಲಿ ಅಮೆರಿಕದ ಮಯಾಮಿಯ ರೇಡಿಯೋ ನಿರ್ಮಾಪಕ ಮರ್ರಿ ವೊರೋನರ್, 16 ಹೆವಿವೇಟ್‌ಗಳ ಅಂಕಿಅಂಶಗಳನ್ನು ಯಂತ್ರಕ್ಕೆ ತುಂಬಿ ಟೂರ್ನಮೆಂಟ್ ಮಾಡಿಸಿದ. ಪ್ರತಿ ಪಂದ್ಯದ ಕಾಮೆಂಟರಿ ರೇಡಿಯೋದಲ್ಲಿ, ನಿಜವಾಗಿ ನಡೀತಿದೆಯೇನೋ ಅನ್ನೋ ಹಾಗೆ. ಕೊನೆಗೆ ಗೆದ್ದದ್ದು ರಾಕಿ ಮಾರ್ಸಿಯಾನೊ, ಫೈನಲ್ಲಿನಲ್ಲಿ ಡೆಂಪ್ಸಿಯನ್ನು ಸೋಲಿಸಿ. ಅಲಿ? ಕ್ವಾರ್ಟರ್ ಫೈನಲ್ಲಿನಲ್ಲೇ ಔಟ್. ಅಲಿಯನ್ನು ಸೋಲಿಸಿದ್ದು ಜಿಮ್ ಜೆಫ್ರೀಸ್ ಅಂತ ಯಂತ್ರ ಹೇಳ್ತು.

ಆಗ ಅಲಿಯ ಪರಿಸ್ಥಿತಿ ಹೇಗಿತ್ತು ನೋಡಿ. 1967ರ ಏಪ್ರಿಲ್ 28ರಂದು ವಿಯೆಟ್ನಾಂ ಯುದ್ಧಕ್ಕೆ ಸೈನ್ಯ ಸೇರಲ್ಲ ಅಂದಿದ್ದ. ಪಟ್ಟ ಕಿತ್ಕೊಂಡ್ರು, ಲೈಸೆನ್ಸ್ ಕಿತ್ಕೊಂಡ್ರು, ಪಾಸ್‌ಪೋರ್ಟ್ ಕಿತ್ಕೊಂಡ್ರು. ಜೂನ್ ತಿಂಗಳಲ್ಲಿ ಕೋರ್ಟು 5 ವರ್ಷದ ಶಿಕ್ಷೆ ಹಾಕಿತು. ಅಪೀಲಿನ ಮೇಲೆ ಹೊರಗಿದ್ದ, ಆದರೆ ರಿಂಗಿಗೆ ಹತ್ತೋ ಹಾಗಿಲ್ಲ. ಹೀಗೆ ನಿಜದ ರಿಂಗಿನಿಂದ ಹೊರಹಾಕಿದ ಮನುಷ್ಯನನ್ನು ಯಂತ್ರದ ರಿಂಗಿಗೆ ಎಳೆದು ತಂದು ಸೋಲಿಸಿದ್ರು. ಅಲಿ ಸುಮ್ಮನಿರಲಿಲ್ಲ, ಹತ್ತು ಲಕ್ಷ ಡಾಲರಿಗೆ ಮಾನನಷ್ಟದ ಕೇಸು ಹಾಕಿದ. ರಾಜಿ ಆಯ್ತು. ರಾಜಿಯ ಷರತ್ತೇನು ಗೊತ್ತಾ? ಮಾರ್ಸಿಯಾನೊ ಜೊತೆ ಒಂದು ಸಿನಿಮಾ ಪಂದ್ಯ ಆಡೋದು.

1969ರಲ್ಲಿ ಮಯಾಮಿಯ ಸ್ಟುಡಿಯೋದಲ್ಲಿ ಶೂಟಿಂಗ್. ಮಾರ್ಸಿಯಾನೊಗೆ 45 ವರ್ಷ. ಬೊಜ್ಜು ಇಳಿಸಿ, ತಲೆಗೆ ವಿಗ್ ಹಾಕ್ಕೊಂಡು ಬಂದ. ಇಬ್ಬರೂ ಎಪ್ಪತ್ತರಷ್ಟು ಸಣ್ಣ ಸಣ್ಣ ಸುತ್ತು ನಟಿಸಿದ್ರು. ಹಲವು ಕೊನೆಗಳನ್ನು ಚಿತ್ರಿಸಿದ್ರು, ಯಾವುದನ್ನು ತೋರಿಸ್ತಾರೆ ಅಂತ ಇಬ್ಬರಿಗೂ ಗೊತ್ತಿಲ್ಲ. ಶೂಟಿಂಗ್ ಮುಗಿದ ಕೆಲವೇ ವಾರಗಳಲ್ಲಿ, ಆಗಸ್ಟ್ 31ರಂದು, ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡ. 1970ರ ಜನವರಿ 20ರಂದು ನೂರಾರು ಥಿಯೇಟರುಗಳಲ್ಲಿ ಜನ ಟಿಕೆಟ್ ತಗೊಂಡು ನೋಡಿದ್ರು. 13ನೇ ಸುತ್ತಿನಲ್ಲಿ ಮಾರ್ಸಿಯಾನೊ ಏಟಿಗೆ ಅಲಿ ಕೆಳಗೆ ಬಿದ್ದ. ಬೀಳೋ ನಟನೆ ಮಾಡಿದ್ದು ಅಲಿಯೇ. ಹೊಟ್ಟೆಪಾಡು.

ಮಾರ್ಸಿಯಾನೊನ ಮೇಲೆ ನನಗೆ ಸಿಟ್ಟಿಲ್ಲ. ಇಟಲಿಯಿಂದ ವಲಸೆ ಬಂದ ಶೂ ಫ್ಯಾಕ್ಟರಿ ಕಾರ್ಮಿಕನ ಮಗ. 49 ಪಂದ್ಯ, 49 ಗೆಲುವು. ಅದು ಅವನ ಬೆವರು. ನನ್ನನ್ನು ಕಾಡೋದು ಜಿಮ್ ಜೆಫ್ರೀಸ್‌ನ ಹೆಸರು. ಅಲಿಯನ್ನು ಜೆಫ್ರೀಸ್ ಸೋಲಿಸ್ತಾನೆ ಅಂತ ಯಂತ್ರ ಹೇಗೆ ಹೇಳ್ತು? ಯಂತ್ರ ಓದೋದು ದಾಖಲೆ. ದಾಖಲೆಯಲ್ಲಿ ಜೆಫ್ರೀಸ್, ಪಟ್ಟದಲ್ಲಿದ್ದಷ್ಟು ದಿನ ಸೋಲದೆ ನಿವೃತ್ತನಾದ ಚಾಂಪಿಯನ್. ಅವನು ಯಾರ ಜೊತೆ ಆಡಲಿಲ್ಲ ಅನ್ನೋದಕ್ಕೆ ದಾಖಲೆಯಲ್ಲಿ ಕಾಲಮ್ಮೇ ಇಲ್ಲ.

ಆ ಕಾಲಮ್ ತುಂಬೋಣ ಬನ್ನಿ.

ಮೊದಲ ಹೆಸರು ಪೀಟರ್ ಜಾಕ್ಸನ್. ಆಗ ಡೆನ್ಮಾರ್ಕಿನ ವಶದಲ್ಲಿದ್ದ ಕೆರಿಬಿಯನ್ನಿನ ಸೇಂಟ್ ಕ್ರೋ ದ್ವೀಪದಲ್ಲಿ ಹುಟ್ಟಿ, ಆಸ್ಟ್ರೇಲಿಯಾದಲ್ಲಿ ಬೆಳೆದ ಕಪ್ಪು ಬಾಕ್ಸರ್. ಆಗಿನ ಚಾಂಪಿಯನ್ ಜಾನ್ ಎಲ್. ಸಲಿವನ್, ಬಿಳಿಯರಲ್ಲಿ ಯಾರು ಬೇಕಾದ್ರೂ ಬರಲಿ, ಕಪ್ಪು ಮನುಷ್ಯನ ಜೊತೆ ಮಾತ್ರ ಆಡಲ್ಲ ಅಂತ ಬಹಿರಂಗವಾಗಿ ಸಾರಿದ್ದವನು. 1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಾಕ್ಸನ್, ಜೇಮ್ಸ್ ಕಾರ್ಬೆಟ್ ಜೊತೆ 61 ಸುತ್ತು ಆಡಿದ. ಇಬ್ಬರೂ ಸುಸ್ತಾಗಿ ನಿಂತಲ್ಲೇ ನಿಂತ ಮೇಲೆ ಫಲಿತಾಂಶವಿಲ್ಲದೆ ನಿಲ್ಲಿಸಿದ್ರು. ಮರುವರ್ಷ ಅದೇ ಕಾರ್ಬೆಟ್, ಸಲಿವನ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಅಂದ್ರೆ ಜಾಕ್ಸನ್‌ನನ್ನು 61 ಸುತ್ತಿನಲ್ಲಿ ಸೋಲಿಸಲಾಗದವನು, ಸಲಿವನ್‌ನನ್ನು 21 ಸುತ್ತಿನಲ್ಲಿ ಮಲಗಿಸಿದ. ಲೆಕ್ಕ ನೀವೇ ಹಾಕ್ಕೊಳ್ಳಿ. ಜಾಕ್ಸನ್‌ಗೆ ಪಟ್ಟದ ಪಂದ್ಯ ಯಾರೂ ಕೊಡಲಿಲ್ಲ. 1898ರಲ್ಲಿ, ಮೈ ಸೋತು ಹೋಗಿದ್ದ ಜಾಕ್ಸನ್‌ನನ್ನು ಮೂರು ಸುತ್ತಿನಲ್ಲಿ ಸೋಲಿಸಿ ಹೆಸರು ಮಾಡಿದ ಯುವಕ ಯಾರು? ಜಿಮ್ ಜೆಫ್ರೀಸ್. 1901ರಲ್ಲಿ ಜಾಕ್ಸನ್ ಕ್ಷಯದಿಂದ ಆಸ್ಟ್ರೇಲಿಯಾದಲ್ಲಿ ತೀರಿಕೊಂಡ.

ಎರಡನೇ ಹೆಸರು ಜಾಕ್ ಜಾನ್ಸನ್. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ನಿನವನು, ಗುಲಾಮಗಿರಿಯಲ್ಲಿ ಹುಟ್ಟಿದ ತಂದೆ ತಾಯಿಯ ಮಗ. 1903ರಲ್ಲೇ 'ಕಪ್ಪು ಹೆವಿವೇಟ್ ಚಾಂಪಿಯನ್' ಆಗಿದ್ದ. ಹೌದು, ಹಾಗೊಂದು ಬೇರೆ ಪಟ್ಟವೇ ಇತ್ತು. ನಮ್ಮೂರ ಹೋಟೆಲಲ್ಲಿ ಬೇರೆ ಲೋಟ ಇದ್ದ ಹಾಗೆ. ಆಗ ವಿಶ್ವ ಚಾಂಪಿಯನ್ ಜೆಫ್ರೀಸ್. ಮೇಲೇರೋವಾಗ ಕಪ್ಪು ಬಾಕ್ಸರುಗಳ ಜೊತೆ ಆಡಿದ್ದವನು, ಪಟ್ಟ ಸಿಕ್ಕ ಮೇಲೆ ಬಣ್ಣದ ಗೆರೆ ಎಳೆದ. ಜಾನ್ಸನ್ ಬೆನ್ನು ಹತ್ತಿದ, ಪತ್ರಿಕೆಗಳಲ್ಲಿ ಸವಾಲು ಹಾಕಿದ. ಜೆಫ್ರೀಸ್ 1905ರಲ್ಲಿ ನಿವೃತ್ತನಾಗಿ ತೋಟ ನೋಡ್ಕೊಳ್ಳೋಕೆ ಹೋದ.

ಆಮೇಲೆ ಪಟ್ಟ ಕೆನಡಾದ ಟಾಮಿ ಬರ್ನ್ಸ್ ಕೈಗೆ ಬಂತು. ಜಾನ್ಸನ್ ಅವನ ಹಿಂದೆ ದೇಶ ದೇಶ ಸುತ್ತಿ, ಕೊನೆಗೆ ಸಿಡ್ನಿಯಲ್ಲಿ ಹಿಡಿದ. ಬರ್ನ್ಸ್‌ಗೆ 30,000 ಡಾಲರ್, ಜಾನ್ಸನ್‌ಗೆ 5,000. 1908ರ ಡಿಸೆಂಬರ್ 26. 14ನೇ ಸುತ್ತಿನಲ್ಲಿ ಪೊಲೀಸರು ಪಂದ್ಯ ನಿಲ್ಲಿಸಬೇಕಾಯ್ತು. ಕಪ್ಪು ಮನುಷ್ಯ ಮೊದಲ ಬಾರಿಗೆ ಹೆವಿವೇಟ್ ವಿಶ್ವ ಚಾಂಪಿಯನ್. ಬಿಳಿ ಜಗತ್ತಿಗೆ ನಿದ್ದೆ ಬರಲಿಲ್ಲ. ಲೇಖಕ ಜಾಕ್ ಲಂಡನ್, ಜೆಫ್ರೀಸ್ ತೋಟ ಬಿಟ್ಟು ಬರಬೇಕು ಅಂತ ಪತ್ರಿಕೆಯಲ್ಲಿ ಬರೆದ. ದುಡಿಯೋರ ಪರ ಬರೀತಿದ್ದ ಸಮಾಜವಾದಿ ಲೇಖಕ ಅವನು. ಇದನ್ನು ನಮ್ಮ ಪ್ರಗತಿಪರ ಗೆಳೆಯರು ಎರಡು ಸಲ ಓದಲಿ.

ಜೆಫ್ರೀಸ್ ನೂರು ಪೌಂಡಿನಷ್ಟು ತೂಕ ಇಳಿಸಿ ಬಂದ. 1910ರ ಜುಲೈ 4, ನೆವಾಡಾದ ರೀನೊ. 15ನೇ ಸುತ್ತಿನಲ್ಲಿ ಜಾನ್ಸನ್ ಗೆದ್ದ. ಆ ರಾತ್ರಿ ಅಮೆರಿಕದ ಊರೂರುಗಳಲ್ಲಿ ಬಿಳಿ ಗುಂಪುಗಳು ಕಪ್ಪು ಜನರ ಮೇಲೆ ಬಿದ್ದವು. ಹೆಣ ಬಿದ್ದವು. ಒಬ್ಬ ಕಪ್ಪು ಮನುಷ್ಯ ರಿಂಗಿನಲ್ಲಿ ಗೆದ್ದದ್ದಕ್ಕೆ ಊರಿನ ಕೇರಿ ದಂಡ ಕಟ್ಟಿತು. ಆಮೇಲೆ ಆ ಪಂದ್ಯದ ಸಿನಿಮಾವನ್ನು ಊರೂರಲ್ಲಿ ನಿಷೇಧಿಸಿದ್ರು. 1912ರಲ್ಲಿ ಬಾಕ್ಸಿಂಗ್ ಸಿನಿಮಾಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಅಂತ ಕೇಂದ್ರದ ಕಾನೂನೇ ಬಂತು. ಗೆಲುವನ್ನು ತಡೆಯೋಕೆ ಆಗದಿದ್ರೆ, ಗೆಲುವನ್ನು ನೋಡೋದನ್ನಾದ್ರೂ ತಡೀಬೇಕಲ್ಲ.

1913ರಲ್ಲಿ, ಬಿಳಿ ಹೆಂಗಸಿನ ಜೊತೆಗಿನ ಸಂಬಂಧವನ್ನೇ ನೆಪ ಮಾಡಿ, ಪೂರಾ ಬಿಳಿಯರ ಜ್ಯೂರಿ ಜಾನ್ಸನ್‌ನನ್ನು ಅಪರಾಧಿ ಅಂತು. ಅವನು ದೇಶ ಬಿಟ್ಟ. 1915ರ ಏಪ್ರಿಲ್ 5ರಂದು ಹವಾನಾದಲ್ಲಿ, 37ನೇ ವಯಸ್ಸಿನಲ್ಲಿ, 26ನೇ ಸುತ್ತಿನಲ್ಲಿ ಜೆಸ್ ವಿಲ್ಲರ್ಡ್‌ಗೆ ಪಟ್ಟ ಬಿಟ್ಟುಕೊಟ್ಟ. ಆ ದಿನ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ, ಹಾರ್ಲೆಂ ಪಕ್ಕದಲ್ಲೇ. ಮರುವರ್ಷ, 1916ರ ಮೇ ತಿಂಗಳಲ್ಲಿ, ಅಲ್ಲೇ ಭಾರತದ ಜಾತಿಗಳ ಬಗ್ಗೆ ತಮ್ಮ ಪ್ರಬಂಧ ಮಂಡಿಸಿದ್ರು. ಮುಂದೆ 1946ರಲ್ಲಿ ಅವರೇ ಕಪ್ಪು ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದು, ನಿಮ್ಮ ಸ್ಥಿತಿಗೂ ನಮ್ಮ ಸ್ಥಿತಿಗೂ ಎಷ್ಟು ಹೋಲಿಕೆ ಇದೆ ಅಂತ ಹೇಳಿದ್ರು. ಹಾಗಾಗಿ ಈ ಕತೆ ನಮಗೆ ದೂರದ್ದಲ್ಲ.

ಜಾನ್ಸನ್ ಹೀರೋ. ಆದರೆ ನಮ್ಮ ಹೀರೋಗಳ ಬಗ್ಗೆಯೂ ಪೂರ್ತಿ ಸತ್ಯ ಹೇಳಬೇಕು. ಅದಕ್ಕೇ ಮೂರನೇ ಹೆಸರು, ಸ್ಯಾಮ್ ಲ್ಯಾಂಗ್‌ಫರ್ಡ್. ಕೆನಡಾದ ನೋವಾ ಸ್ಕಾಟಿಯಾದವನು. ಎತ್ತರ ಐದು ಅಡಿ ಏಳು ಇಂಚು ಅಷ್ಟೇ. ಹಗುರ ತೂಕದಿಂದ ಶುರು ಮಾಡಿ ಹೆವಿವೇಟ್ ತನಕ ಎಲ್ಲರನ್ನೂ ಹೊಡೆದವನು. 1906ರಲ್ಲಿ, ಇನ್ನೂ ಚಿಕ್ಕ ಹುಡುಗನಾಗಿದ್ದಾಗ, ಅವನಿಗಿಂತ ತುಂಬಾ ದೊಡ್ಡವನಾದ ಜಾನ್ಸನ್ ಜೊತೆ 15 ಸುತ್ತು ಆಡಿ ಸೋತ. ಆಮೇಲೆ ಅವನು ಮೈ ತುಂಬಿಕೊಂಡ, ಏಟು ತೂಕ ಪಡೀತು. ಜಾನ್ಸನ್ ಚಾಂಪಿಯನ್ ಆದ ಮೇಲೆ ಲ್ಯಾಂಗ್‌ಫರ್ಡ್ ಮತ್ತೆ ಮತ್ತೆ ಕೇಳಿದ. ಜಾನ್ಸನ್ ಕೊಡಲೇ ಇಲ್ಲ. ಇಬ್ಬರು ಕಪ್ಪು ಜನರ ಪಂದ್ಯಕ್ಕೆ ದುಡ್ಡು ಹುಟ್ಟಲ್ಲ ಅನ್ನೋದು ಕಾರಣ. ಪಟ್ಟದಲ್ಲಿದ್ದ ಅಷ್ಟೂ ವರ್ಷಗಳಲ್ಲಿ ಅವನು ಪಟ್ಟಕ್ಕಾಗಿ ಆಡಿದ್ದು ಒಬ್ಬನೇ ಕಪ್ಪು ಎದುರಾಳಿಯ ಜೊತೆ, 1913ರಲ್ಲಿ ಪ್ಯಾರಿಸ್‌ನಲ್ಲಿ. ಅವನು ಲ್ಯಾಂಗ್‌ಫರ್ಡ್ ಅಲ್ಲ.

ಬಾಗಿಲು ಒಡೆದು ಒಳಗೆ ಹೋದವನೇ ಬಾಗಿಲು ಹಾಕ್ಕೊಂಡ. ಇದನ್ನು ಓದೋವಾಗ ನಿಮಗೆ ಯಾರ ಮುಖ ನೆನಪಾಗುತ್ತೋ ನನಗೆ ಗೊತ್ತಿಲ್ಲ, ನನಗಂತೂ ಕೆಲವು ಮುಖ ನೆನಪಾಗುತ್ತೆ. ಆದರೆ ಜಾನ್ಸನ್‌ನನ್ನು ಬೈದು ಮುಗಿಸೋಕೆ ಆಗಲ್ಲ. ಒಳಗೆ ಒಬ್ಬನಿಗೆ ಮಾತ್ರ ಜಾಗ ಅಂತ ನಿಯಮ ಮಾಡಿದವರು ಬೇರೆಯವರು. ಒಂದೇ ಕುರ್ಚಿ ಇಟ್ಟು ನೂರು ಜನರನ್ನು ಕರೆದರೆ, ಕೂತವನು ಏಳೋದಿಲ್ಲ, ನಿಂತವರು ಅವನನ್ನೇ ಬೈತಾರೆ. ಕುರ್ಚಿ ಇಟ್ಟವನು ನೋಡ್ತಾ ನಗ್ತಾನೆ.

ಹೊರಗುಳಿದ ಕಪ್ಪು ಬಾಕ್ಸರುಗಳು ಏನು ಮಾಡಿದ್ರು? ತಮ್ಮ ತಮ್ಮಲ್ಲೇ ಹೊಡೆದಾಡಿದ್ರು. 1909ರಲ್ಲಿ ಪ್ಯಾರಿಸ್‌ನಲ್ಲಿ ಜೋ ಜೀನೆಟ್ ಮತ್ತು ಸ್ಯಾಮ್ ಮೆಕ್‌ವೇ 49 ಸುತ್ತು ಆಡಿದ್ರು. ಜೀನೆಟ್ ಇಪ್ಪತ್ತಕ್ಕೂ ಹೆಚ್ಚು ಸಲ ನೆಲಕ್ಕೆ ಬಿದ್ದು, ಪ್ರತಿ ಸಲ ಎದ್ದು, ಕೊನೆಗೆ ಗೆದ್ದ. ಲ್ಯಾಂಗ್‌ಫರ್ಡ್ ಮತ್ತು ಹ್ಯಾರಿ ವಿಲ್ಸ್ ಹದಿನೈದಕ್ಕೂ ಹೆಚ್ಚು ಸಲ ಎದುರಾದ್ರು. ಒಬ್ಬ ಮನುಷ್ಯನ ಜೊತೆ ಹದಿನೈದು ಸಲ ಹೊಡೆದಾಡೋದು ಅಂದ್ರೆ ಏನು ಯೋಚಿಸಿ. ಬೇರೆ ಯಾರೂ ಇವರ ಜೊತೆ ಆಡ್ತಿರಲಿಲ್ಲ, ಮನೆ ನಡೀಬೇಕಿತ್ತು. ಲ್ಯಾಂಗ್‌ಫರ್ಡ್ ಕಣ್ಣು ಹೋಯ್ತು. ಅರೆಗುರುಡನಾಗಿಯೂ ಆಡಿದ. 1944ರಲ್ಲಿ ಪತ್ರಕರ್ತ ಅಲ್ ಲೇನಿ ಹಾರ್ಲೆಂನ ಒಂದು ಕತ್ತಲ ಕೋಣೆಯಲ್ಲಿ ಅವನನ್ನು ಹುಡುಕಿ ಬರೆದ. ಓದುಗರು ದುಡ್ಡು ಕೂಡಿಸಿ ಕೊಟ್ರು. 1956ರಲ್ಲಿ ಲ್ಯಾಂಗ್‌ಫರ್ಡ್ ತೀರಿಕೊಂಡ. ಒಂದೇ ಒಂದು ಸಲವೂ ವಿಶ್ವ ಹೆವಿವೇಟ್ ಪಟ್ಟಕ್ಕೆ ಆಡದೆ.

ನಾಲ್ಕನೇ ಹೆಸರು ಹ್ಯಾರಿ ವಿಲ್ಸ್. ನ್ಯೂ ಆರ್ಲಿಯನ್ಸ್‌ನವನು. ಅವನ ಅಡ್ಡ ಹೆಸರು ಏನು ಗೊತ್ತಾ? ಬ್ಲ್ಯಾಕ್ ಪ್ಯಾಂಥರ್. ಓಕ್ಲೆಂಡಿನ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ 1966ರದ್ದು, ಅದರ ಹೆಸರು ಹೊತ್ತ ಮುಂಬೈನ ದಲಿತ್ ಪ್ಯಾಂಥರ್ಸ್ 1972ರದ್ದು. ಅದಕ್ಕೂ ಎಷ್ಟೋ ವರ್ಷ ಮೊದಲೇ ರಿಂಗಿನ ಹೊರಗೆ ಕಾಯ್ತಾ ನಿಂತಿದ್ದ ಪ್ಯಾಂಥರ್ ಇವನು.

1919ರಲ್ಲಿ ಡೆಂಪ್ಸಿ ಚಾಂಪಿಯನ್ ಆದ. ಆದ ಬೆನ್ನಲ್ಲೇ ಬಿಳಿಯರ ಜೊತೆ ಮಾತ್ರ ಆಡ್ತೀನಿ ಅಂತ ಪತ್ರಿಕೆಗಳಲ್ಲಿ ಬಂತು. ವಿಲ್ಸ್ ಎಲ್ಲರೂ ಒಪ್ಪಿದ ನಂಬರ್ ಒಂದು ಸವಾಲುಗಾರ. ಒಪ್ಪಂದಕ್ಕೆ ಸಹಿ ಬಿತ್ತು, ಮುರೀತು. ಮತ್ತೆ ಸಹಿ ಬಿತ್ತು, ಮತ್ತೆ ಮುರೀತು. ವಿಲ್ಸ್ ಜೊತೆ ಮೊದಲು ಆಡಬೇಕು ಅಂತ ನ್ಯೂಯಾರ್ಕ್ ರಾಜ್ಯದ ಬಾಕ್ಸಿಂಗ್ ಆಯೋಗವೇ ಪಟ್ಟು ಹಿಡಿದಾಗ, ಡೆಂಪ್ಸಿ 1926ರಲ್ಲಿ ತನ್ನ ಪಂದ್ಯವನ್ನು ಫಿಲಡೆಲ್ಫಿಯಾಕ್ಕೆ ಒಯ್ದು ಜೀನ್ ಟನ್ನಿ ಜೊತೆ ಆಡಿದ, ಸೋತ. ತಾನು ಸಿದ್ಧನಿದ್ದೆ, ಪ್ರಮೋಟರುಗಳು ಬಿಡಲಿಲ್ಲ ಅಂತ ಡೆಂಪ್ಸಿ ಆಮೇಲೆ ಹೇಳ್ತಾ ಬಂದ. ಸರಿ, ಅದು ನಿಜ ಅಂತಲೇ ಇಟ್ಕೊಳ್ಳೋಣ. ಡೆಂಪ್ಸಿಗೆ ದ್ವೇಷ ಇರಲಿಲ್ಲ, ಪ್ರಮೋಟರಿಗೆ ಗಲಭೆಯ ಭಯ, ಅಧಿಕಾರಿಗೆ ಮೇಲಿನವರ ಭಯ, ಪ್ರೇಕ್ಷಕನಿಗೆ ಏನೋ ಮುಜುಗರ. ಒಬ್ಬೊಬ್ಬರನ್ನೇ ಕೇಳಿದ್ರೆ ಎಲ್ಲರೂ ಒಳ್ಳೆಯವರೇ. ಒಟ್ಟು ಸೇರಿಸಿದ್ರೆ ವಿಲ್ಸ್ ಏಳು ವರ್ಷ ಹೊರಗೆ. ಜಾತಿ ಹೇಗೆ ಕೆಲಸ ಮಾಡುತ್ತೆ ಅಂತ ಯಾರಾದ್ರೂ ಕೇಳಿದ್ರೆ ಇದನ್ನು ಹೇಳಿ.

ಈಗ ಆ ಪಂದ್ಯವನ್ನು ನಾನೇ ಆಡಿಸ್ತೀನಿ. 1922, ನ್ಯೂಯಾರ್ಕ್, 15 ಸುತ್ತು. ವಿಲ್ಸ್ ಆರಡಿಗೂ ಎತ್ತರ, 200 ಪೌಂಡ್ ದಾಟಿದ ಮೈ. ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಹೊಟ್ಟೆಗೆ ಗುದ್ದೋದರಲ್ಲಿ ಪಳಗಿದವನು. ಡೆಂಪ್ಸಿ ತಲೆ ತಗ್ಗಿಸಿ, ಓಲಾಡ್ತಾ ಒಳನುಗ್ಗಿ, ಎರಡೂ ಕೈಯಲ್ಲಿ ಸುರಿಮಳೆ. ಇಬ್ಬರಿಗೂ ಸಿಕ್ಕ ಒಬ್ಬ ಎದುರಾಳಿ ಇದ್ದಾನೆ, ಅರ್ಜೆಂಟೀನಾದ ಫಿರ್ಪೊ. 1923ರಲ್ಲಿ ಫಿರ್ಪೊ ಡೆಂಪ್ಸಿಯನ್ನು ರಿಂಗಿನಿಂದಲೇ ಹೊರಕ್ಕೆ ಎತ್ತಿ ಹಾಕಿದ. ಡೆಂಪ್ಸಿ ಹತ್ತಿ ಬಂದು ಎರಡನೇ ಸುತ್ತಿನಲ್ಲಿ ಅವನನ್ನು ಮುಗಿಸಿದ. 1924ರಲ್ಲಿ ವಿಲ್ಸ್ ಅದೇ ಫಿರ್ಪೊ ಜೊತೆ 12 ಸುತ್ತು ಆಡಿ, ಮೇಲುಗೈ ಪಡೆದ, ಮಲಗಿಸಲಾಗಲಿಲ್ಲ. ಅದಕ್ಕೇ ನನ್ನ ಲೆಕ್ಕ: ಮೊದಲ ನಾಲ್ಕು ಸುತ್ತು ವಿಲ್ಸ್ ತಡೆದರೆ ಮೈಭಾರ ಹಾಕಿ ಡೆಂಪ್ಸಿಯನ್ನು ಸುಸ್ತು ಮಾಡ್ತಾನೆ. ಆದರೆ ತಡೆಯೋದು ಕಷ್ಟ. ಹತ್ತರಲ್ಲಿ ಆರು ಸಲ ಡೆಂಪ್ಸಿ ಗೆಲ್ತಾನೆ.

ಹೌದು, ನಾನೇ ಹೇಳ್ತಿದ್ದೀನಿ. ವಿಲ್ಸ್ ಸೋಲೋ ಸಾಧ್ಯತೆಯೇ ಹೆಚ್ಚು. ಹಾಗಂತ ಅವನಿಗಾದ ಅನ್ಯಾಯ ಒಂದು ಗುಲಗಂಜಿಯಷ್ಟಾದ್ರೂ ಕಡಿಮೆ ಆಗುತ್ತಾ? ಅವನು ಕೇಳಿದ್ದು ಗೆಲುವಲ್ಲ, ಗಂಟೆ ಬಾರಿಸಿ ಅಂತ. ಕಣಕ್ಕಿಳಿದು ಸೋಲೋದೂ ಒಂದು ಹಕ್ಕು. ಸೋತವನಿಗೆ ಇನ್ನೊಂದು ಪಂದ್ಯ ಕೇಳೋ ಬಾಯಿ ಇರುತ್ತೆ. ಬಾಗಿಲಲ್ಲೇ ನಿಲ್ಲಿಸಿದವನಿಗೆ ಅದೂ ಇಲ್ಲ.

ಮೀಸಲಾತಿ ಅಂದ ಕೂಡಲೇ ಮೆರಿಟ್ ಮೆರಿಟ್ ಅಂತಾರಲ್ಲ, ಅವರ ಜೊತೆ ನನ್ನ ಜಗಳ ಇಷ್ಟೇ. ಮೆರಿಟ್ ಲಿಸ್ಟ್ ಅಂದ್ರೆ ಆ ವೊರೋನರ್‌ನ ಕಂಪ್ಯೂಟರ್. ಒಳಗೆ ಬಿಟ್ಟವರ ಅಂಕ ಮಾತ್ರ ಅದಕ್ಕೆ ಗೊತ್ತು. ಸಲಿವನ್, ಜೆಫ್ರೀಸ್, ಡೆಂಪ್ಸಿ ಪಟ್ಟದಲ್ಲಿದ್ದ ಕಾಲಕ್ಕೆ ಹೊರಗೆ ಕಾದು ಕೂತಿದ್ದವರ ಹೆಸರು ಸೇರಿಸಿ ನೋಡಿ, ಶ್ರೇಷ್ಠರ ಪಟ್ಟಿಯ ಮೊದಲ ಪುಟವೇ ಅಲ್ಲಾಡುತ್ತೆ. ಜಾನ್ಸನ್ ಸೋತ 1915ರಿಂದ ಜೋ ಲೂಯಿಸ್ ಗೆದ್ದ 1937ರ ತನಕ, 22 ವರ್ಷ, ಒಬ್ಬ ಕಪ್ಪು ಬಾಕ್ಸರಿಗೂ ಹೆವಿವೇಟ್ ಪಟ್ಟಕ್ಕೆ ಆಡೋಕೆ ಬಿಡಲಿಲ್ಲ. ಲೂಯಿಸ್‌ನನ್ನು ಬಿಟ್ಟದ್ದಾದ್ರೂ ಹೇಗೆ? ಬಿಳಿ ಹೆಂಗಸರ ಜೊತೆ ಫೋಟೋ ತೆಗೆಸ್ಕೋಬಾರದು, ಬಿದ್ದ ಬಿಳಿಯನ ಮುಂದೆ ನಗಬಾರದು ಅಂತ ಅವನ ಮ್ಯಾನೇಜರುಗಳೇ ಪಾಠ ಹೇಳಿಕೊಟ್ಟಿದ್ರು. ಮ್ಯಾನೇಜರುಗಳೂ ಕಪ್ಪು ಜನರೇ, ಅವರಿಗೆ ಜಾನ್ಸನ್‌ಗೆ ಆದದ್ದು ಗೊತ್ತಿತ್ತು. ತಲೆ ತಗ್ಗಿಸಿ ಒಳಗೆ ಹೋದ ಆ ಲೂಯಿಸ್ ಪಟ್ಟವನ್ನು 25 ಸಲ ಉಳಿಸಿಕೊಂಡ. ಬಾಗಿಲು ತೆರೆದಾಗ ಏನಾಗುತ್ತೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ನಮ್ಮ ನೆಲದಲ್ಲೂ ಒಬ್ಬ ಲ್ಯಾಂಗ್‌ಫರ್ಡ್ ಇದ್ದ. ಪಾಲ್ವಂಕರ್ ಬಾಳೂ. ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ. ಪುಣೆಯಲ್ಲಿ ಮೈದಾನ ಗುಡಿಸ್ತಾ, ಇಂಗ್ಲಿಷ್ ಆಟಗಾರರಿಗೆ ನೆಟ್‌ನಲ್ಲಿ ಬೌಲ್ ಮಾಡ್ತಾ ಬೆಳೆದ ಎಡಗೈ ಸ್ಪಿನ್ನರ್. ಬ್ರಾಹ್ಮಣರೇ ತುಂಬಿದ್ದ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಆದರೆ ಟೀ ವಿರಾಮದಲ್ಲಿ ಅವರಿಗೆ ಪೆವಿಲಿಯನ್ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಬೇರೆ ಟೀ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಅವರೊಬ್ಬರದ್ದೇ. ಕ್ಯಾಪ್ಟನ್ ಪಟ್ಟ? ಕೊಡಲೇ ಇಲ್ಲ. 1923ರಲ್ಲಿ ತಮ್ಮ ವಿಠ್ಠಲ್ ಕ್ಯಾಪ್ಟನ್ ಆಗೋ ತನಕ ಆ ಮನೆಯವರು ಕಾಯಬೇಕಾಯ್ತು. 1937ರ ಚುನಾವಣೆಯಲ್ಲಿ ಬಾಳೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತದ್ದೂ ಇತಿಹಾಸವೇ, ಆ ಚರ್ಚೆ ಇನ್ನೊಂದು ದಿನ ಮಾಡೋಣ. ಅವರ ಬೌಲಿಂಗಿಗೂ ಅದಕ್ಕೂ ಸಂಬಂಧ ಇಲ್ಲ.

ಬಾಳೂ ಅವರ ಹೆಸರಾದ್ರೂ ಉಳೀತು. ನಮ್ಮೂರಲ್ಲಿ ಒಂದು ಗರಡಿ ಮನೆ ಇತ್ತು. ಗೋಡೆ ಎತ್ತಿದ್ದು, ಕೆಮ್ಮಣ್ಣು ಹೊತ್ತು ಹಾಕಿದ್ದು ನಮ್ಮ ಕೇರಿಯವರು. ಜಾತ್ರೆಯ ಕುಸ್ತಿಗೆ ತಮಟೆ ಬಾರಿಸ್ತಿದ್ದೋರೂ ನಮ್ಮವರೇ. ತಮಟೆ ಏಟಿಗೆ ಪೈಲ್ವಾನರ ರಕ್ತ ಕುದೀತಿತ್ತು. ಬಾರಿಸೋನು ಕಣಕ್ಕೆ ಕಾಲಿಡೋ ಹಾಗಿರಲಿಲ್ಲ. ನಮ್ಮ ದೊಡ್ಡಪ್ಪ ತುಂಬಿದ ಭತ್ತದ ಮೂಟೆಯನ್ನು ಒಬ್ಬರೇ ಎತ್ತಿ ಗಾಡಿಗೆ ಹಾಕ್ತಿದ್ರು ಅಂತ ಈಗಲೂ ಹೇಳ್ತಾರೆ. ಕುಸ್ತಿಯಲ್ಲಿ ಅವರು ಗೆಲ್ತಿದ್ರೋ ಸೋಲ್ತಿದ್ರೋ, ಅದನ್ನು ತಿಳ್ಕೊಳ್ಳೋ ಒಂದೇ ದಾರಿಯನ್ನು ಊರು ಮುಚ್ಚಿಟ್ಟಿತ್ತು. ಆಮೇಲೆ ಅದೇ ಊರು, ಕೇರಿಯವರಲ್ಲಿ ಪೈಲ್ವಾನರೇ ಹುಟ್ಟಲ್ಲ ಅಂತಿತ್ತು.

ಮತ್ತೆ ಅಲಿಗೆ ಬರ್ತೀನಿ. 1967ರ ಮಾರ್ಚಿನಿಂದ 1970ರ ಅಕ್ಟೋಬರ್ 26ರಂದು ಅಟ್ಲಾಂಟದಲ್ಲಿ ಮತ್ತೆ ರಿಂಗಿಗೆ ಹತ್ತೋ ತನಕ, ಮೂರೂವರೆ ವರ್ಷ, 25ರಿಂದ 28ರ ಪ್ರಾಯ. ಬಾಕ್ಸರ್‌ನ ಮೈ ಮತ್ತು ಬುದ್ಧಿ ಎರಡೂ ಒಟ್ಟಿಗೆ ಹಣ್ಣಾಗೋ ವಯಸ್ಸು. 1971ರಲ್ಲಿ ಸುಪ್ರೀಂ ಕೋರ್ಟ್ ಎಂಟೂ ನ್ಯಾಯಾಧೀಶರ ಒಮ್ಮತದಿಂದ ಅವನ ಶಿಕ್ಷೆ ರದ್ದು ಮಾಡಿತು. ವರ್ಷಗಳನ್ನು ಯಾವ ಕೋರ್ಟೂ ವಾಪಸ್ ಕೊಡಲಿಲ್ಲ. ಹಾಗಾಗಿ ಅಲಿ ಅತ್ಯುತ್ತಮ ಫಾರ್ಮಲ್ಲಿದ್ದಾಗ ಟೈಸನ್ ಎದುರು ಆಡಿದ್ರೆ ಏನಾಗ್ತಿತ್ತು ಅಂತ ಕೇಳಿದಾಗ ನನಗೆ ಅನ್ನಿಸೋದು, ಆ ಅತ್ಯುತ್ತಮ ಅಲಿಯನ್ನು ನಾವ್ಯಾರೂ ನೋಡೇ ಇಲ್ಲ. ಅವನನ್ನು ಮನೆಯಲ್ಲಿ ಕೂರಿಸಿದ್ರು. ನಾವು ನೋಡಿದ್ದು ಅದರ ಹಿಂದಿನ ಹುಡುಗನನ್ನು ಮತ್ತು ಅದರ ಮುಂದಿನ, ಕಾಲು ನಿಧಾನವಾಗಿ ಏಟು ತಿಂದು ಗೆಲ್ಲೋದನ್ನು ಕಲಿತ ಮನುಷ್ಯನನ್ನು.

ಬೇರೆ ಬೇರೆ ಕಾಲದವರು ನಿಜವಾಗಿಯೂ ಎದುರಾದ ಪಂದ್ಯಗಳೂ ಇವೆ. 1951ರಲ್ಲಿ ತೆರಿಗೆ ಸಾಲ ತೀರಿಸೋಕೆ ಮತ್ತೆ ರಿಂಗಿಗೆ ಬಂದ 37ರ ಲೂಯಿಸ್‌ನನ್ನು ಮಾರ್ಸಿಯಾನೊ ಎಂಟನೇ ಸುತ್ತಿನಲ್ಲಿ ಕೆಡವಿದ. 1980ರಲ್ಲಿ 38ರ ಅಲಿಯನ್ನು ಲ್ಯಾರಿ ಹೋಮ್ಸ್ ಹತ್ತು ಸುತ್ತು ಹೊಡೆದ, ಅಲಿಯ ಮೂಲೆಯವರೇ ನಿಲ್ಲಿಸಿದ್ರು. 1988ರಲ್ಲಿ ಅದೇ ಹೋಮ್ಸ್‌ಗೆ 38 ಆದಾಗ ಟೈಸನ್ ನಾಲ್ಕನೇ ಸುತ್ತಿನಲ್ಲಿ ಮುಗಿಸಿದ. ಇವುಗಳಿಂದ ಯಾರು ಶ್ರೇಷ್ಠ ಅಂತ ಗೊತ್ತಾಗಲ್ಲ, ವಯಸ್ಸು ಎಲ್ಲರನ್ನೂ ಹೊಡೆಯುತ್ತೆ ಅಂತ ಗೊತ್ತಾಗುತ್ತೆ, ಅಷ್ಟೇ. ಅಲಿ ಮತ್ತು ಟೈಸನ್ ಪ್ರಾಯದಲ್ಲಿ ಎದುರಾಗದಿದ್ದಕ್ಕೆ ಕಾರಣ ಕಾಲ. ಕಾಲದ ಮೇಲೆ ಕೇಸು ಹಾಕೋಕೆ ಆಗಲ್ಲ. ಜಾಕ್ಸನ್‌ಗೆ ಸಲಿವನ್ ಸಿಗದಿದ್ದಕ್ಕೆ, ವಿಲ್ಸ್‌ಗೆ ಡೆಂಪ್ಸಿ ಸಿಗದಿದ್ದಕ್ಕೆ ಕಾರಣ ಮನುಷ್ಯರು. ಅವರು ಒಂದೇ ಕಾಲದಲ್ಲಿ, ಒಂದೇ ದೇಶದಲ್ಲಿ, ಒಂದೊಂದ್ಸಲ ಒಂದೇ ಊರಲ್ಲಿದ್ರು.

ಹಾಗಾಗಿ ಮುಂದಿನ ಸಲ ಯಾರಾದ್ರೂ ನಿಮ್ಮನ್ನು ಅಲಿಯೋ ಟೈಸನ್ನೋ ಅಂತ ಕೇಳಿದ್ರೆ, ಉತ್ತರ ಹೇಳಿ, ಜಗಳ ಆಡಿ, ಮಜಾ ತಗೊಳ್ಳಿ. ಆಮೇಲೆ ಅವರಿಗೆ ಈ ನಾಲ್ಕು ಪಂದ್ಯ ಕೊಡಿ. ಸಲಿವನ್ ಎದುರು ಪೀಟರ್ ಜಾಕ್ಸನ್, 1890. ಜೆಫ್ರೀಸ್ ಎದುರು ಜಾಕ್ ಜಾನ್ಸನ್, 1904. ಜಾನ್ಸನ್ ಎದುರು ಸ್ಯಾಮ್ ಲ್ಯಾಂಗ್‌ಫರ್ಡ್, 1911. ಡೆಂಪ್ಸಿ ಎದುರು ಹ್ಯಾರಿ ವಿಲ್ಸ್, 1922. ಯಾರು ಗೆಲ್ತಿದ್ರು ಅಂತ ಅವರೇ ಹೇಳಲಿ. ಯಾಕೆ ನಡೀಲಿಲ್ಲ ಅನ್ನೋದನ್ನೂ ಅವರ ಬಾಯಲ್ಲೇ ಹೇಳಿಸಿ.

ನಿಮ್ಮ ಊರಲ್ಲಿ ನಡೆಯದೇ ಹೋದ ಪಂದ್ಯಗಳಿದ್ರೆ ಕೆಳಗೆ ಬರೀರಿ. ಕುಸ್ತಿ, ಕಬಡ್ಡಿ, ಓಟ, ಹಾಡು, ಪರೀಕ್ಷೆ, ಯಾವುದಾದ್ರೂ ಸರಿ. ಆ ಕಾಲಮ್ಮನ್ನು ನಾವೇ ತುಂಬಬೇಕು.

ಜೈ ಭೀಮ್.